ತೂತು ಕೊರೆಯೋರಿಗೆ ಒಂದು ನಮಸ್ಕಾರ

ಇವತ್ತು ಮಧ್ಯಾಹ್ನ ಗೃಹಪ್ರವೇಶದ ಊಟದಲ್ಲಿ ಹೋಳಿಗೆ ಬಡಿಸೋಕೆ ಮೊದಲೇ ಎಲೆ ಮಡಿಸಿ ಎದ್ದು ಬಂದೆ. ಕರೆದವರು ನಮ್ಮ ಅಂಗಡಿಯ ಹಳೇ ಗಿರಾಕಿ, ಪಾಪ, ಅವರದೇನೂ ತಪ್ಪಿಲ್ಲ. ಹೊಳೆನರಸೀಪುರ ರಸ್ತೆಯಲ್ಲಿ ಚೆಂದದ ಮನೆ ಕಟ್ಟಿದ್ದಾರೆ, ದೇವರು ಚೆನ್ನಾಗಿಟ್ಟಿರಲಿ. ತಪ್ಪು ನನ್ನ ಪಕ್ಕದ ಎಲೆಗೆ ಕೂತಿದ್ದ ಮಹಾನುಭಾವರದ್ದು. ಅರ್ಧ ತಪ್ಪು ನನ್ನ ನಾಲಿಗೆಯದ್ದು, ಅದನ್ನೂ ಒಪ್ಕೋತೀನಿ.

ಕೋಸಂಬರಿ ಬೀಳೋ ಹೊತ್ತಿಗೆ ಅವರು ಜೇಬಿಂದ ಫೋನ್ ತೆಗೆದು ನನ್ನ ಮುಖಕ್ಕೆ ಹಿಡಿದರು. ಯಾವುದೋ ದೇಶದ ಕಿವಿ ಕೇಳದ ಮಗು. ಕಿವಿಗೆ ಮೆಷಿನ್, ಅದೇ ಕಾಕ್ಲಿಯರ್ ಇಂಪ್ಲಾಂಟು, ಹಾಕ್ತಾರೆ, ಅಮ್ಮ ಹೆಸರು ಹಿಡಿದು ಕರೀತಾಳೆ, ಮಗು ಕಣ್ಣರಳಿಸಿ ನಗುತ್ತೆ, ಅಮ್ಮ ಅಳ್ತಾಳೆ, ಹಿಂದೆ ಯಾರೋ ಪಿಟೀಲು ಕುಯ್ತಾರೆ. ಈ ಜಾತಿಯ ವಿಡಿಯೋ ಐದು ವರ್ಷದಲ್ಲಿ ನನಗೆ ಕಮ್ಮಿ ಅಂದ್ರೂ ನಲವತ್ತು ಸಲ ಬಂದಿರಬೇಕು. ಕಳಿಸೋರೆಲ್ಲ ಒಳ್ಳೆಯವರೇ. ಅದೇ ಕಷ್ಟ.

"ನಿಮ್ ಮಗೂಗೂ ಹಿಂಗೇ ಆಯ್ತಲ್ವಾ?" ಅಂದರು.

"ಇಲ್ಲ" ಅಂದೆ. ಅಲ್ಲಿಗೆ ನಿಲ್ಲಿಸಿದ್ರೆ ಹೋಳಿಗೆ ಸಿಕ್ತಿತ್ತು.

"ಏನೇ ಹೇಳಿ, ಎಂಥಾ ಮೆಷಿನ್ ಮಾಡವ್ರೆ! ಈಗ ಡಾಕ್ಟ್ರುಗಳಿಗೆ ಏನ್ ಕೆಲ್ಸ? ತೂತು ಕೊರೀತಾರೆ, ಮೆಷಿನ್ ಇಡ್ತಾರೆ, ಬಿಲ್ ಬರೀತಾರೆ."

ತೂತು ಕೊರೀತಾರಂತೆ!

ನಾನು ಅಲ್ಲಿ ಏನು ಮಾತಾಡಿದೆ ಅನ್ನೋದು ಇಲ್ಲಿ ಬರೆಯೋ ಹಾಗಿಲ್ಲ, ನಮ್ಮ ಮೇಷ್ಟ್ರುಗಳೂ ಈ ಗೋಡೆ ಓದ್ತಾರೆ. ಅಲ್ಲಿ ಆಡೋಕಾಗದೆ ಉಳಿದಿದ್ದನ್ನ ಮಾತ್ರ ಇಲ್ಲಿ ಕಕ್ಕುತ್ತಿದ್ದೀನಿ. ಉದ್ದ ಆಗುತ್ತೆ. ಬೇಡದವರು ಮುಂದಿನ ಪೋಸ್ಟಿಗೆ ಹೋಗಿ.

ನಿಮಗೆಲ್ಲ ಗೊತ್ತಿರೋ ಹಾಗೆ ನನ್ನದು ಹಾಸನದಲ್ಲಿ ಮೋಟರ್ ವೈಂಡಿಂಗ್ ಅಂಗಡಿ. ಸುಟ್ಟ ಬೋರ್‌ವೆಲ್ ಮೋಟರು, ಆಲೂಗಡ್ಡೆ ಸೀಸನ್ನಿನಲ್ಲಿ ಪಂಪ್‌ಸೆಟ್ಟು, ಬೇಸಿಗೆಯಲ್ಲಿ ಫ್ಯಾನು. ದಿನವಿಡೀ ಸುತ್ತಿಗೆ, ಗ್ರೈಂಡರ್ ಸದ್ದು. 2017ರಲ್ಲಿ ಪುಟ್ಟಿ ಹುಟ್ಟಿದ ಮೇಲೆ ಅವಳ ತೊಟ್ಟಿಲನ್ನು ಎಷ್ಟೋ ಸಲ ಅಂಗಡಿಯ ಹಿಂದಿನ ಕೋಣೆಯಲ್ಲೇ ಕಟ್ಟಿರುತ್ತಿದ್ದೆವು. ಗ್ರೈಂಡರ್ ಕಿರುಚುತ್ತಿದ್ದರೂ ಮಗು ಆರಾಮಾಗಿ ನಿದ್ದೆ. ಬಂದ ಗಿರಾಕಿಗಳೆಲ್ಲ "ಎಂಥಾ ಸಾಧು ಮಗು ಸ್ವಾಮಿ ನಿಮ್ಮದು" ಅನ್ನೋರು. ನಾನು ಬೀಗೋನು. ವೈಂಡಿಂಗ್ ಮಾಡೋನ ಮಗಳು ಅಂದ್ರೆ ಸುಮ್ನೇನಾ ಅಂತ ನಾನೇ ಹೇಳಿಕೊಂಡು ತಿರುಗಿದ್ದೀನಿ. ಆ ಮಾತು ನೆನೆಸಿಕೊಂಡರೆ ಈಗಲೂ ಅನ್ನ ಗಂಟಲಲ್ಲಿ ನಿಲ್ಲುತ್ತೆ.

ಕಂಡುಹಿಡಿದದ್ದು ನಮ್ಮವ್ವ. ಒಂದು ರಾತ್ರಿ ಕರೆಂಟ್ ಹೋಗಿತ್ತು. ಕತ್ತಲಲ್ಲಿ ಅವ್ವ ಎಷ್ಟು ಕೂಗಿದರೂ ಮಗು ತಿರುಗಲಿಲ್ಲ, ಬ್ಯಾಟರಿ ಬಿಟ್ಟ ತಕ್ಷಣ ತಿರುಗಿತು. ಮಾರನೇ ದಿನ ಅವ್ವ ಹೇಳಿದಳು, "ಈ ಕೂಸು ನನ್ನ ತುಟಿ ನೋಡುತ್ತೆ ಕಣೋ, ದನಿ ಕೇಳಾಕಿಲ್ಲ." ನಾನು ಅವ್ವನ ಮೇಲೇ ರೇಗಿದೆ. ಆಮೇಲೆ ಒಬ್ಬ ಡಾಕ್ಟರ ಹತ್ತಿರ ಹೋದೆವು. ಊರು, ಹೆಸರು ಬೇಡ. ಮಗುವಿನ ಕಿವಿ ಹತ್ತಿರ ಎರಡು ಸಲ ಚಿಟಿಕೆ ಹೊಡೆದು, "ಕೆಲವು ಮಕ್ಕಳು ತಡ, ಮೂರು ವರ್ಷ ಆಗ್ಲಿ, ಕಾಯಿರಿ" ಅಂದು ಟಾನಿಕ್ ಬರೆದುಕೊಟ್ಟರು. ನನಗೂ ಅದೇ ಮಾತು ಬೇಕಾಗಿತ್ತು ಅನ್ನಿ. ಎಂಟು ತಿಂಗಳು ಕಾದೆವು. ಹುಟ್ಟಿದ ಒಂದು ತಿಂಗಳೊಳಗೆ ಕಿವಿಯ ಪರೀಕ್ಷೆ, ಮೂರು ತಿಂಗಳೊಳಗೆ ಖಾತ್ರಿ, ಆರು ತಿಂಗಳೊಳಗೆ ಚಿಕಿತ್ಸೆ ಶುರು, ಇದು ಲೆಕ್ಕ ಅಂತ ನನಗೆ ಗೊತ್ತಾದಾಗ ಮಗಳಿಗೆ ಎರಡು ವರ್ಷ ದಾಟಿತ್ತು. ಮಲಗಿದ ಕೂಸಿನ ಕಿವಿಗೆ ಸಣ್ಣ ಬಿರಡೆ ಇಟ್ಟು ಕೆಲವೇ ನಿಮಿಷದಲ್ಲಿ ಮುಗಿಸೋ ಪರೀಕ್ಷೆ ಅದು. ನಮಗೆ ಯಾರೂ ಮಾಡಲಿಲ್ಲ, ನಾವೂ ಕೇಳಲಿಲ್ಲ.

ಕೊನೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರೋ ವಾಕ್ ಶ್ರವಣ ಸಂಸ್ಥೆಗೆ ಹೋದೆವು. 1965ರಲ್ಲಿ ಶುರುವಾದದ್ದಂತೆ ಅದು. ನಮ್ಮೂರಿಂದ ಬೆಳಗ್ಗೆ ರೈಲು ಹತ್ತಿದರೆ ಹೊಳೆನರಸೀಪುರ, ಕೆ.ಆರ್. ನಗರ ದಾಟಿ ಮೈಸೂರು, ಅಷ್ಟೇ ದೂರ. ಆ ಹೆಸರು ನನ್ನ ಕಿವಿಗೆ ಅಲ್ಲಿಯವರೆಗೆ ಬಿದ್ದೇ ಇರಲಿಲ್ಲ. ಕಿವುಡ ಯಾರು ಅಂತ ನೀವೇ ಹೇಳಿ. ಮಗುವನ್ನು ಮಲಗಿಸಿ, ಹಣೆಗೂ ಕಿವಿ ಹಿಂದೆಯೂ ತಂತಿ ಅಂಟಿಸಿ, ಕಿವಿಗೆ ಬಿದ್ದ ಸದ್ದು ಮಿದುಳಿನ ಕಡೆ ಹೋಗುತ್ತಾ ಅಂತ ನೋಡೋ ಬೆರಾ ಪರೀಕ್ಷೆ ಮಾಡಿದರು. ಪರದೆ ಮೇಲೆ ಅಲೆ ಏಳಬೇಕು. ಏಳಲಿಲ್ಲ. ಸತ್ತ ಮೋಟರಿಗೆ ಮೀಟರ್ ಹಿಡಿದು ಅಭ್ಯಾಸ ಇರೋನು ನಾನು, ಆ ಗೆರೆ ಓದೋಕೆ ಯಾರ ಸಹಾಯವೂ ಬೇಕಾಗಲಿಲ್ಲ. ಮೂರು ತಿಂಗಳು ಹಿಯರಿಂಗ್ ಏಡ್ ಹಾಕಿ ನೋಡಿದೆವು. ಪ್ರಯೋಜನ ಆಗಲಿಲ್ಲ. ಆಮೇಲೆ ಮೈಸೂರಿನದೇ ಒಂದು ಆಸ್ಪತ್ರೆಯಲ್ಲಿ ಈ ಪುಣ್ಯಾತ್ಮರು ಸಿಕ್ಕರು. ಹೆಸರು ಹಾಕಿದರೆ ಅವರು ಬೈತಾರೆ, ಹಾಗಾಗಿ ಡಾಕ್ಟರು ಅಂತಲೇ ಬರೀತೀನಿ.

ಮೊದಲ ದಿನ ಒಳಗೆ ಹೋದಾಗ ಅವರು ನಮ್ಮ ಕಡೆ ನೋಡಲೇ ಇಲ್ಲ. ಕುರ್ಚಿಯಿಂದ ಎದ್ದು ಬಂದು, ನೆಲಕ್ಕೆ ಮಂಡಿಯೂರಿ, ಪುಟ್ಟಿಯ ಮುಖದ ಮಟ್ಟಕ್ಕೆ ಮುಖ ತಂದು, "ಏನಮ್ಮಾ, ಹಾಸನದಿಂದ ಬಂದ್ಯಾ? ರೈಲಲ್ಲಿ ಏನು ತಿಂದೆ?" ಅಂತ ಕೇಳಿದರು. ಪೂರ್ತಿ ಕಿವುಡು ಮಗುವಿಗೆ! ನಾನು ಮನಸ್ಸಲ್ಲೇ, ಈ ಮನುಷ್ಯ ಫೈಲ್ ಓದಿಲ್ಲ ಅಂದುಕೊಂಡೆ. ಬಾಯಿಬಿಟ್ಟು "ಸಾರ್, ಅವಳಿಗೆ ಕೇಳ್ಸಲ್ಲ" ಅಂತಾನೂ ಅಂದೆ. "ಗೊತ್ತು, ಅವಳನ್ನ ಕೇಳ್ದೆ ನಿಮ್ಮನ್ನ ಕೇಳಿದ್ರೆ ಮರ್ಯಾದೆ ಇರುತ್ತಾ?" ಅಂದರು. ಇಷ್ಟು ವರ್ಷದಲ್ಲಿ ನಮ್ಮ ನೆಂಟರಲ್ಲಿ ಎಷ್ಟು ಜನ ನನ್ನ ಮಗಳನ್ನು ನೇರವಾಗಿ ಮಾತಾಡಿಸಿದ್ದಾರೆ ಅಂತ ಬೆರಳಲ್ಲಿ ಎಣಿಸಿದೆ. ಒಂದು ಕೈ ಸಾಕಾಯ್ತು. ಇವತ್ತಿನ ಮಹಾನುಭಾವರ ಎದುರಿಗೇ ಅವಳು ಕೂತಿದ್ದಳು. ಅವರು ನನ್ನನ್ನು ಕೇಳಿದರು.

ಆಮೇಲೆ ಚೀಟಿ ಹಿಂದುಗಡೆ ಒಂದು ಬಸವನಹುಳು ಬರೆದರು. ಒಳಗಿವಿ ಹೀಗಿರುತ್ತೆ, ಎರಡೂವರೆ ಸುತ್ತು. "ಎರಡೂವರೆನೇನಾ? ನಾನು ಒಂದು ಮೋಟರಿಗೆ ನೂರಾರು ಸುತ್ತು ಸುತ್ತೋನು" ಅಂದೆ. ಪೆನ್ನು ಕೆಳಗಿಟ್ಟು ನನ್ನ ಕಸುಬಿನ ಬಗ್ಗೆ ಐದು ನಿಮಿಷ ವಿಚಾರಿಸಿದರು. ಹೊರಗೆ ರೋಗಿಗಳ ಸಾಲು. ಆಮೇಲೆ ಎಲ್ಲ ನನ್ನ ಭಾಷೆಯಲ್ಲೇ ಬಂತು. ಆ ಸುರುಳಿಯೊಳಗೆ ಶಬ್ದ ಹಿಡಿಯೋ ಮುಖ್ಯ ಕೂದಲ ಕೋಶಗಳು ಸುಮಾರು 3,500. ಅವು ಸದ್ದನ್ನು ಕರೆಂಟ್ ಮಾಡಿ ನರಕ್ಕೆ ಕೊಡಬೇಕು. ಅವೇ ಕೆಟ್ಟಿದ್ದರೆ ಹಿಯರಿಂಗ್ ಏಡ್ ಹಾಕಿ ಎಷ್ಟು ಸದ್ದು ಏರಿಸಿದರೂ ಸುಟ್ಟ ವೈಂಡಿಂಗಿಗೆ ವೋಲ್ಟೇಜ್ ಜಾಸ್ತಿ ಕೊಟ್ಟಂಗೆ. ಇಂಪ್ಲಾಂಟ್ ಮಾಡೋದು ಏನಂದ್ರೆ, ಕೆಟ್ಟ ಕೋಶಗಳನ್ನು ಬಿಟ್ಟು ನೇರವಾಗಿ ನರಕ್ಕೇ ಲೈನ್ ಎಳೆಯೋದು. ಹೊರಗೆ ಕಾಯಿಲು, ಅಂದ್ರೆ ತಂತಿ ಸುರುಳಿ, ಚರ್ಮದೊಳಗೆ ಇನ್ನೊಂದು ಕಾಯಿಲು, ಮಧ್ಯೆ ವೈರ್ ಇಲ್ಲ, ಅಯಸ್ಕಾಂತ ಹಿಡಿದುಕೊಳ್ಳುತ್ತೆ. ಟ್ರಾನ್ಸ್‌ಫಾರ್ಮರಿನ ತತ್ವ! ಇಷ್ಟು ಚೆನ್ನಾಗಿ ನನಗೆ ಐಟಿಐನಲ್ಲೂ ಯಾರೂ ಪಾಠ ಮಾಡಿರಲಿಲ್ಲ.

ಎಲ್ಲ ಹೇಳಿದ ಮೇಲೆ ಒಂದು ಮಾತು ಅಂದರು. "3,500 ಕೋಶದ ಕೆಲಸನ 22 ಎಲೆಕ್ಟ್ರೋಡ್ ಮಾಡಬೇಕು. ಮೊದಮೊದಲು ಅವಳಿಗೆ ಅದು ಮಾತಿನ ಥರ ಕೇಳಲ್ಲ. ಸ್ವಿಚ್ ಆನ್ ದಿನ ಅಳ್ತಾಳೆ, ಇಲ್ಲಾ ಸುಮ್ನೆ ಕೂರ್ತಾಳೆ. ದಯವಿಟ್ಟು ಫೋನ್ ಹಿಡ್ಕೊಂಡು ವಿಡಿಯೋಗೆ ಕಾಯಬೇಡಿ."

ಇದನ್ನು ಯಾವ ಮೆಷಿನ್ ಹೇಳುತ್ತೆ ಸ್ವಾಮಿ? ಪೆಟ್ಟಿಗೆ ಮೇಲೆ ನಗೋ ಮಗುವಿನ ಫೋಟೋ ಇರುತ್ತೆ.

ಇನ್ನೊಂದು. ನಾನು ಅಕ್ಕನ ಮಗಳನ್ನೇ ಕಟ್ಟಿಕೊಂಡವನು, ಅದೂ ನಿಮಗೆ ಗೊತ್ತು. ಮದುವೆ ಹೊತ್ತಲ್ಲಿ "ಆಸ್ತಿ ಮನೇಲೇ ಉಳೀತು" ಅಂತ ಚಪ್ಪಾಳೆ ತಟ್ಟಿದ ಬಾಯಿಗಳೇ ಮಗುವಿನ ವಿಷಯ ಗೊತ್ತಾದ ಮೇಲೆ ಗ್ರಹಣ, ಶಾಪ, ನಾಗದೋಷ ಅಂತ ಶುರುಹಚ್ಚಿಕೊಂಡವು. ಡಾಕ್ಟರೂ ಸಂಬಂಧದ ಮದುವೆಯಾ ಅಂತ ಕೇಳಿದರು. ನನ್ನ ಹೆಂಡತಿ ತಲೆ ತಗ್ಗಿಸಿದಳು. "ನಾನು ಕೇಳಿದ್ದು ಲೆಕ್ಕಕ್ಕೆ ಕಣಮ್ಮ, ತಪ್ಪು ಹುಡುಕೋಕಲ್ಲ" ಅಂದು, ಗಂಡ ಹೆಂಡತಿ ಇಬ್ಬರಲ್ಲೂ ಅಡಗಿರೋ ಒಂದೇ ದೋಷದ ಜೀನ್ ಮಗುವಿಗೆ ಎರಡೂ ಕಡೆಯಿಂದ ಬಂದರೆ ಹೀಗಾಗಬಹುದು, ಸಂಬಂಧದಲ್ಲಿ ಆ ಸಾಧ್ಯತೆ ಜಾಸ್ತಿ, ಅದಕ್ಕೂ ಗ್ರಹಣಕ್ಕೂ ಸಂಬಂಧವಿಲ್ಲ ಅಂತ ಬಿಡಿಸಿ ಹೇಳಿದರು. ಆ ರಾತ್ರಿ ಇವಳು ಎಷ್ಟೋ ತಿಂಗಳ ಮೇಲೆ ಹೊಟ್ಟೆ ತುಂಬ ಉಂಡಳು.

ಈಗ ತೂತಿನ ವಿಷಯಕ್ಕೆ ಬರ್ತೀನಿ. ಕಿವಿ ಹಿಂದಿನ ಮೂಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡ್ತಾ ಡ್ರಿಲ್ ಮಾಡ್ತಾ ಹೋಗಬೇಕು. ಒಳಗೆ ಒಂದು ಕಡೆ ಮುಖದ ನರ, ಇನ್ನೊಂದು ಕಡೆ ನಾಲಿಗೆಗೆ ರುಚಿ ತರೋ ನರ. ಇವೆರಡರ ನಡುವೆ ಎರಡು ಮೂರು ಮಿಲಿಮೀಟರ್ ಸಂದಿ. ಆ ಸಂದಿಯಲ್ಲಿ ಹೋಗಿ ಬಸವನಹುಳುವಿನ ಬಾಗಿಲು ತಲುಪಬೇಕು. ಕೈ ಒಂಚೂರು ಜಾರಿದರೆ ಮಗುವಿನ ಅರ್ಧ ಮುಖ ಶಾಶ್ವತವಾಗಿ ಬಿದ್ದುಹೋಗಬಹುದು. ನಾನು ಮೂವತ್ತು ವರ್ಷದಿಂದ ಡ್ರಿಲ್ ಹಿಡಿದವನು, ಗೋಡೆಯಲ್ಲಿ ಅರ್ಧ ಇಂಚು ಆಚೀಚೆ ಆದರೆ ಪ್ಲಾಸ್ಟರ್ ಹಚ್ಚಿ ಮುಚ್ಚೋನು. ಗೃಹಪ್ರವೇಶದ ಊಟ ಮಾಡುತ್ತಾ ತೂತು ಕೊರೆಯೋದರ ಬಗ್ಗೆ ತೀರ್ಪು ಕೊಡೋರು ಒಂದು ಸಲ ತೆಂಗಿನ ಚಿಪ್ಪಿನಲ್ಲಿ ಅಷ್ಟು ಅಗಲದ್ದು ಕೊರೆದು ತೋರಿಸಲಿ.

2020ರ ಜನವರಿಯಲ್ಲಿ ಆಪರೇಷನ್. ಅದಕ್ಕೂ ಮೊದಲು ಒಮ್ಮೆ ದಿನಾಂಕ ಮುಂದಕ್ಕೆ ಹಾಕಿದ್ದರು. ಮಿದುಳು ಜ್ವರ ಬರದ ಹಾಗೆ ಒಂದು ಲಸಿಕೆ ಹಾಕಿಸಿ ಎರಡು ವಾರ ಆಗಲೇಬೇಕು ಅಂತ. ನಾನು ಅಂಗಡಿ ಮುಚ್ಚಿ ಬಂದಿದ್ದೆ, ಕೂಗಾಡಿದೆ. ಅವರು ಕೂಗಾಟ ಮುಗಿಯೋವರೆಗೂ ಕೇಳಿ, "ಎರಡು ವಾರ ಬಿಟ್ಟು ಬನ್ನಿ" ಅಂದರು ಅಷ್ಟೇ. ಆ ದಿನ ಅವರ ಮೇಲೆ ಬಂದಿದ್ದ ಸಿಟ್ಟು ನೆನೆಸಿಕೊಂಡರೆ ನಗು ಬರುತ್ತೆ.

ಮೂರು ಗಂಟೆ ಆಯ್ತು. ಸಂಜೆ ಮಗು ಕಣ್ಣು ಬಿಟ್ಟು, ತಲೆಗೆಲ್ಲ ಬ್ಯಾಂಡೇಜು, ಮುಖ ಊದಿಕೊಂಡು ಅಳುತ್ತಾ ಇದೆ. ಡಾಕ್ಟರು ಬಂದವರೇ ಮಂಚದ ಪಕ್ಕ ನಿಂತು ಕೋತಿ ಥರ ಕೆನ್ನೆ ಉಬ್ಬಿಸಿದರು. ಮೂಗು ಸುಕ್ಕು ಮಾಡಿದರು. ಕಣ್ಣು ಮಿಟುಕಿಸಿದರು. ನಾಲಿಗೆ ಚಾಚಿದರು. ಅಷ್ಟು ದೊಡ್ಡ ಮನುಷ್ಯ, ಸುತ್ತ ಜೂನಿಯರ್ ಡಾಕ್ಟರುಗಳು ನಿಂತಿದ್ದಾರೆ. ಪುಟ್ಟಿ ಅಳೋದು ನಿಲ್ಲಿಸಿ, ಕೊನೆಗೆ ನಕ್ಕೇಬಿಟ್ಟಿತು. ಅವರು ಒಂದು ನಿಟ್ಟುಸಿರು ಬಿಟ್ಟು ಹೊರಟರು. ಮಕ್ಕಳಂದ್ರೆ ಎಷ್ಟು ಪ್ರೀತಿ ಅಂದುಕೊಂಡೆ. ಬಹಳ ದಿನದ ಮೇಲೆ ಒಬ್ಬ ಜೂನಿಯರ್ ಹೇಳಿದ್ದು, ಅವರು ನೋಡ್ತಿದ್ದದ್ದು ತುಟಿ ಎರಡೂ ಕಡೆ ಸಮನಾಗಿ ಏಳುತ್ತಾ, ಕಣ್ಣು ಎರಡೂ ಮುಚ್ಚುತ್ತಾ ಅಂತ. ಮುಖದ ನರದ ಪರೀಕ್ಷೆ! ಮೂರು ವರ್ಷ ತುಂಬದ ಕಿವುಡು ಮಗುವಿಗೆ "ನಗು" ಅಂತ ಹೇಳೋದು ಹೇಗೆ? ನಗಿಸಬೇಕು.

ಸ್ವಿಚ್ ಆನ್ ಆದದ್ದು ಫೆಬ್ರವರಿಯಲ್ಲಿ. ಅವರು ಹೇಳಿದ ಹಾಗೇ ಆಯ್ತು. ಮಗು ಕಿಟಾರನೆ ಕಿರುಚಿ, ಕಾಯಿಲ್ ಕಿತ್ತೆಸೆದು, ಅವರಮ್ಮನ ಸೆರಗಿನೊಳಗೆ ಮುಖ ಹುದುಗಿಸಿಕೊಂಡಿತು. ಪಿಟೀಲು ಗಿಟೀಲು ಏನೂ ಇಲ್ಲ. ಮೊದಲೇ ಹೇಳಿಸಿಕೊಂಡಿದ್ದರಿಂದ ನಾವು ಎದೆ ಒಡೆದುಕೊಳ್ಳಲಿಲ್ಲ. ನಮ್ಮ ಜೊತೆ ಬಂದಿದ್ದ ಇನ್ನೊಂದು ಮಗುವಿನ ಅಪ್ಪ, ಪಾಪ, ಫೋನ್ ಹಿಡಿದು ನಿಂತೇ ಇದ್ದ. ಅವನ ಮುಖ ನೋಡೋಕಾಗಲಿಲ್ಲ. ಈ ವಿಡಿಯೋಗಳು ಮಾಡೋ ಅನ್ಯಾಯ ಅದು, ನಲವತ್ತು ಸಲ ಕಳಿಸಿದೋರಿಗೆ ನಲವತ್ತು ಸಲವೂ ನಾನು ಹೇಳಬೇಕಾಗಿದ್ದದ್ದು ಅದೇ.

ಒಂದು ತಿಂಗಳು ಮೈಸೂರಿಗೆ ಓಡಾಡಿದೆವು, ಮೆಷಿನ್ನಿನ ಸದ್ದನ್ನು ಮಗುವಿಗೆ ತಕ್ಕ ಹಾಗೆ ಹೊಂದಿಸೋ ಮ್ಯಾಪಿಂಗು, ಮಾತು ಕಲಿಸೋ ಥೆರಪಿ. ಮಾರ್ಚ್ ಕೊನೆಗೆ ಲಾಕ್‌ಡೌನ್. ರೈಲಿಲ್ಲ, ಬಸ್ಸಿಲ್ಲ. ಥೆರಪಿ ಮೇಡಂ ಫೋನಿನಲ್ಲೇ ಪಾಠ ಮಾಡಿದರು, ಅವರ ಋಣ ಬೇರೆಯೇ ಇದೆ, ಅದಕ್ಕೆ ಇನ್ನೊಂದು ದಿನ ಬರೀತೀನಿ. ದಿನಾ ಬೆಳಗ್ಗೆ ಬಾಯಿಗೆ ರಟ್ಟು ಅಡ್ಡ ಹಿಡಿದು ಆ, ಈ, ಊ, ಮ್, ಶ್, ಸ್. ಕೇಳಿಸಿದರೆ ಡಬ್ಬಿಗೆ ಹುಣಸೆಬೀಜ ಹಾಕಬೇಕು. ಅಷ್ಟರಲ್ಲಿ ಪ್ರೊಸೆಸರಿನ, ಅಂದ್ರೆ ಕಿವಿ ಮೇಲೆ ಹಾಕೋ ಹೊರಗಿನ ಮೆಷಿನ್ನಿನ, ಸೆಲ್ಲು ಮುಗೀತಾ ಬಂತು. 675 ನಂಬರಿನ ಸಣ್ಣ ಗುಂಡಿ ಸೆಲ್ಲು, ಹಾಸನದಲ್ಲಿ ನಾನು ವಿಚಾರಿಸಿದ ಅಂಗಡಿಯಲ್ಲೆಲ್ಲ ಇಲ್ಲ. ಸೆಲ್ಲಿಲ್ಲದಿದ್ದರೆ ಆರು ಲಕ್ಷದ ಮೆಷಿನ್ ಒಂದು ಗುಂಡಿ. ಒಂದು ಸಂಜೆ ಗೊತ್ತಿಲ್ಲದ ನಂಬರಿಂದ ಫೋನ್. "ಪುಟ್ಟಿ ಹೇಗಿದ್ದಾಳೆ? ಸೆಲ್ ಎಷ್ಟಿದೆ?" ಡಾಕ್ಟರು! ತಮ್ಮಲ್ಲಿ ಆಪರೇಷನ್ ಆದ ಮಕ್ಕಳ ಪಟ್ಟಿ ಇಟ್ಟುಕೊಂಡು ಒಬ್ಬೊಬ್ಬರಿಗೂ ಫೋನ್ ಮಾಡ್ತಾ ಇದ್ದರು. ಮೂರನೇ ದಿನ ಔಷಧಿ ಸಾಗಿಸೋ ಗಾಡಿಯವನು ಬಿ.ಎಂ. ರಸ್ತೆಯಲ್ಲಿ ನಿಂತು ಕರೆದ. ಮಾತ್ರೆ ಪೆಟ್ಟಿಗೆಗಳ ನಡುವೆ ಒಂದು ಕವರು, ಎರಡು ತಿಂಗಳಿಗಾಗೋಷ್ಟು ಸೆಲ್ಲು, ಮೇಲೆ ಮಗಳ ಹೆಸರು, ಪಕ್ಕದಲ್ಲಿ ಪೆನ್ನಿನಲ್ಲಿ ಬರೆದ ಬಸವನಹುಳು.

ಆ ಸೆಲ್ಲು ಹಾಕಿದ ವಾರದಲ್ಲೇ ಇರಬೇಕು. ಇವಳು ಒಲೆ ಮುಂದೆ ಸಾರಿಗೆ ಒಗ್ಗರಣೆ ಹಾಕಿದಳು. ಬೆನ್ನು ತಿರುಗಿಸಿ ಆಡ್ತಿದ್ದ ಪುಟ್ಟಿ ಗಕ್ಕನೆ ತಿರುಗಿ ಬಾಣಲೆ ನೋಡಿತು. ಇವಳು ಇನ್ನೊಂದು ಸಲ ಹಾಕಿದಳು. ಮತ್ತೆ ತಿರುಗಿತು. ಆ ರಾತ್ರಿ ನಮ್ಮನೆಯಲ್ಲಿ ಸಾರಿಗೆ ಐದು ಒಗ್ಗರಣೆ. ನನ್ನ ಮಗಳ ಮೊದಲ ಮಾತು ಅಮ್ಮ ಅಲ್ಲ, ಅಪ್ಪ ಅಲ್ಲ, "ಚುಂಯ್". ಯಾವ ವಿಡಿಯೋದಲ್ಲಿದೆ ಇದು?

ಈಗ ಕೆಲವರು ಕೇಳ್ತೀರ, ಗೊತ್ತು, ಎಲೆಯಲ್ಲೇ ಎದುರಿಗಿದ್ದವರೊಬ್ಬರು ಕೇಳಿದರು. "ಅವರ ಡ್ಯೂಟಿ ಅಲ್ವಾ, ಸಂಬಳ ತಗೊಳ್ಳಲ್ವಾ?" ತಗೋತಾರೆ. ಮೆಷಿನ್ ನಮಗೆ ಅಂಗವಿಕಲರಿಗೆ ಸಲಕರಣೆ ಕೊಡೋ ಕೇಂದ್ರದ ಎಡಿಪ್ ಯೋಜನೆಯಲ್ಲಿ ಬಂತು, ಅದೂ ಯಾರ ಮನೆಯಿಂದಲೂ ಬಂದ ದಾನವಲ್ಲ, ಒಪ್ಪಿದೆ. ನಾನೂ ದುಡ್ಡು ತಗೊಂಡೇ ಮೋಟರ್ ಕಟ್ಟೋದು. ಆದರೆ ಇಷ್ಟು ವರ್ಷದಲ್ಲಿ ಒಬ್ಬ ಗಿರಾಕಿಗಾದರೂ ನಾನಾಗಿ ಫೋನ್ ಮಾಡಿ "ಮೋಟರ್ ಹೇಗೆ ಓಡ್ತಿದೆ ಸ್ವಾಮಿ" ಅಂತ ಕೇಳಿದ್ದೀನಾ? ಕೆಟ್ಟಿದೆ ಅಂದುಬಿಟ್ಟಾರು ಅನ್ನೋ ಭಯಕ್ಕೆ ಅವರ ನಂಬರ್ ಕಂಡರೆ ಎತ್ತೋದೂ ಇಲ್ಲ.

ಮೆಷಿನ್ ಮೆಷಿನ್ ಅಂತೀರಲ್ಲ, ಅದನ್ನು ಕಂಡುಹಿಡಿದವರಲ್ಲೂ ಒಬ್ಬ ಕಿವಿ ಡಾಕ್ಟರೇ ಇದ್ದಾರೆ. ಆಸ್ಟ್ರೇಲಿಯಾದ ಗ್ರೇಮ್ ಕ್ಲಾರ್ಕ್. ಅವರಪ್ಪನಿಗೆ ಕಿವಿ ಮಂದ, ಔಷಧಿ ಅಂಗಡಿ ಇಟ್ಟಿದ್ದರಂತೆ. ಸುರುಳಿಯೊಳಗೆ ತಂತಿ ತೂರಿಸೋದು ಹೇಗೆ ಅಂತ ತಲೆ ಕೆಡಿಸಿಕೊಂಡವರು ಸಮುದ್ರದ ದಡದಲ್ಲಿ ಒಂದು ಶಂಖದ ಚಿಪ್ಪಿಗೆ ಹುಲ್ಲಿನ ಎಸಳು ತೂರಿಸಿ ನೋಡಿದರು. ತುದಿ ಮೆತ್ತಗೆ, ಬುಡ ಗಟ್ಟಿ ಇದ್ದರೆ ಒಳಗೆ ಹೋಗುತ್ತೆ ಅಂತ ಅಲ್ಲಿ ಗೊತ್ತಾಯ್ತು. 1978ರಲ್ಲಿ ಮೆಲ್ಬರ್ನ್‌ನಲ್ಲಿ ತಮ್ಮ ಮೊದಲ ರೋಗಿಗೆ ಹಾಕಿದರು. ಇದನ್ನು ನನಗೆ ಹೇಳಿದ್ದೂ ನಮ್ಮ ಡಾಕ್ಟರೇ, ನಾನು ಮಾಡಿದ ಒಂದು ಘನಕಾರ್ಯಕ್ಕೆ ಬೈಯೋ ಮಧ್ಯೆ. ಕಾಯಿಲಿನ ವೈರ್ ತುಂಡಾಗಿತ್ತು, ಹೊಸದಕ್ಕೆ ಸಾವಿರಾರು ರೂಪಾಯಿ. ವೈರ್ ತಾನೇ ಅಂತ ನಾನೇ ಬೆಸುಗೆ ಹಾಕಿದೆ. ಕಾಯಿಲ್ ಪೂರ್ತಿ ಹೋಯ್ತು. "ನಾನು ಬಂದು ನಿಮ್ಮ ಅಂಗಡೀಲಿ ಮೋಟರ್ ಸುತ್ತಲಾ?" ಅಂದರು. ಬೈಸಿಕೊಂಡು ಇಷ್ಟು ಖುಷಿಯಾದದ್ದು ಅದೇ ಮೊದಲು.

ಭಾಷೆ ವಿಷಯವೂ ಹೀಗೇ. ನಮ್ಮ ಪೈಕಿಯ ಓದಿದವರೊಬ್ಬರು ಇಂಥ ಮಕ್ಕಳಿಗೆ ಇಂಗ್ಲಿಷೊಂದೇ ಕಲಿಸಿ, ಸುಲಭ ಅಂದಿದ್ದರು. ಡಾಕ್ಟರನ್ನು ಕೇಳಿದೆ. "ನೀವಿಬ್ಬರೂ ಜಗಳ ಆಡೋದು ಯಾವ ಭಾಷೇಲಿ?" "ಕನ್ನಡದಲ್ಲಿ ಸಾರ್." "ಅದರಲ್ಲೇ ಮಾತಾಡಿ." ಈಗ ಮೂರನೇ ಕ್ಲಾಸು, ಜಗಳಕ್ಕೆ ನಿಂತರೆ ನಮ್ಮಿಬ್ಬರನ್ನೂ ಮೀರಿಸ್ತಾಳೆ. ಹಾಸನಕ್ಕೆ "ಆಸನ" ಅಂತಾಳೆ ಅಂತ ಒಬ್ಬ ಅತ್ತೆ ಮರುಗಿದರು. ಅಯ್ಯಾ, ಅದು ಕಿವಿಯ ದೋಷ ಅಲ್ಲ, ಊರಿನದು. ಅತ್ತೇನೂ ಹಾಗೇ ಅನ್ನೋದು.

ಇನ್ನೊಂದು ಹೇಳಬೇಕು. ಹೇಳದಿದ್ದರೆ ಇಷ್ಟು ಬರೆದದ್ದು ಬರೀ ಪೌರುಷ. ಅವಳಿಗೆ ನಾಲ್ಕು ತುಂಬಿದಾಗ ಚಿಕ್ಕಪ್ಪನ ಮಗನ ಮದುವೆ. ವೇದಿಕೆ ಮೇಲೆ ಮನೆಮಂದಿಯ ಫೋಟೋ. ಗಂಡಿನ ಕಡೆ, ಹೆಣ್ಣಿನ ಕಡೆ ಎಲ್ಲರೂ ನೋಡ್ತಿದ್ದರು. ನಾನು ಯಾರಿಗೂ ಕಾಣದ ಹಾಗೆ ಅವಳ ಕಿವಿಯಿಂದ ಪ್ರೊಸೆಸರ್ ತೆಗೆದು ನನ್ನ ಜೇಬಿಗೆ ಹಾಕಿಕೊಂಡೆ. ಒಂದೇ ನಿಮಿಷ ಅಂತ. ಆ ಫೋಟೋ ಈಗಲೂ ಚಿಕ್ಕಪ್ಪನ ಮನೆ ಗೋಡೆ ಮೇಲಿದೆ. ಎಲ್ಲರೂ ಕ್ಯಾಮೆರಾ ನೋಡ್ತಿದ್ದಾರೆ. ಅವಳೊಬ್ಬಳು ನನ್ನ ಜೇಬು ನೋಡ್ತಿದ್ದಾಳೆ.

ಮುಂದಿನ ಸಲ ಮೈಸೂರಿಗೆ ಹೋದಾಗ ಡಾಕ್ಟರ ಹತ್ತಿರ ಬಾಯಿಬಿಟ್ಟೆ. ಬೈತಾರೆ ಅಂದುಕೊಂಡಿದ್ದೆ, ಬೈದಿದ್ದರೆ ಹಗುರಾಗ್ತಿತ್ತು. ನನಗೆ ಏನೂ ಹೇಳಲಿಲ್ಲ. ಮಂಡಿಯೂರಿ ಕೂತು, "ಮದುವೇಲಿ ಏನು ತಿಂದೆ ಪುಟ್ಟಿ?" ಅಂದರು. "ಲಾಡು" ಅಂದಳು. "ಎಷ್ಟು?" "ಎಯ್ಡು." ಆಮೇಲೆ ನನ್ನ ಕಡೆ ತೋರಿಸಿ, "ಅಪ್ಪ?" ಅಂತ ಕೇಳಿದರು. "ಅಪ್ಪ ಅತ್ತ" ಅಂದಳು. ನಾನು ಅತ್ತದ್ದು ರಾತ್ರಿ, ಅವಳು ಮಲಗಿದ್ದಾಳೆ, ಕಿವಿಗೆ ಮೆಷಿನ್ ಇಲ್ಲ ಅನ್ನೋ ಧೈರ್ಯದಲ್ಲಿ.

ಇವತ್ತು ಸ್ಕೂಟರಿನಲ್ಲಿ ವಾಪಸ್ ಬರ್ತಾ ಹೋಳಿಗೆ ತಪ್ಪಿಸಿದ್ದಕ್ಕೆ ಹಿಂದಿನಿಂದ ಬೆನ್ನಿಗೆ ಗುದ್ದಿದಳು. "ಮಾಮ ತಪ್ಪು ಮಾತಾಡಿದ್ರು ಕಣೇ" ಅಂತ ನಾನು ಶುರುಮಾಡಿದ ತಕ್ಷಣ ಕಾಯಿಲ್ ತೆಗೆದು ಕೈಯಲ್ಲಿ ಹಿಡಕೊಂಡಳಂತೆ, ಇವಳು ಹೇಳಿದಳು. ಉಪದೇಶ ಶುರುವಾದರೆ ಅವಳು ಮಾಡೋದೇ ಹಾಗೆ. ಎನ್.ಆರ್. ಸರ್ಕಲ್‌ವರೆಗೂ ನಾನು ಗಾಳಿಗೆ ಭಾಷಣ ಮಾಡಿದ್ದೀನಿ.

ನಾಳೆ ಮ್ಯಾಪಿಂಗ್‌ಗೆ ಮೈಸೂರು. ಈಗ ನನ್ನ ಪಕ್ಕದಲ್ಲೇ ನೆಲದ ಮೇಲೆ ಬೋರಲು ಮಲಗಿ ಡಾಕ್ಟರಿಗೆ ಕೊಡೋಕೆ ಬಸವನಹುಳು ಬರೀತಿದ್ದಾಳೆ. ನೋಡಿದೆ, ನಾಲ್ಕು ಸುತ್ತು ಆಗಿದೆ. "ಎರಡೂವರೆ ಸುತ್ತು ಸಾಕು ಕಣೇ" ಅಂದೆ. ಕಾಯಿಲ್ ತೆಗೆದು ಪಕ್ಕಕ್ಕಿಟ್ಟು ಇನ್ನೊಂದು ಸುತ್ತು ಸುತ್ತಿದಳು.